ಊರಿಗೆ ಬಂದವಳು, ನೀರಿಗೆ ಬಂದವಳು

ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ, ಮದುವೆಮನೆಗಳಲ್ಲಿ, ಕೊನೆಗೆ ಬಳೆಯಂಗಡಿಯಲ್ಲೂ ನನಗೆ ಎದುರಾದ ಪ್ರಶ್ನೆಗಳು ಮೂರೇ. ಏನು ತಂದಿರಿ? ಊಟಕ್ಕೇನು ಸಿಕ್ಕಿತು? ಅದನ್ನಿನ್ನೂ ಮಾಲ್ದೀವ್ಸ್ ಥರ ಯಾಕೆ ಮಾಡಿಲ್ಲ? ಮೊದಲೆರಡಕ್ಕೆ ನಗುತ್ತಲೇ ಉತ್ತರ ಕೊಟ್ಟಿದ್ದೇನೆ. ಮೂರನೆಯದು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಆ ಉರಿಯನ್ನು ಇಲ್ಲಿ ಸ್ವಲ್ಪ ಆರಿಸಿಕೊಳ್ಳುತ್ತೇನೆ, ಬೇಸರಿಸಬೇಡಿ.

ಹೋದದ್ದು ಕೊಚ್ಚಿಯಿಂದ, ಐದು ದಿನದ ಹಡಗಿನ ಪ್ರವಾಸ. ರಾತ್ರಿ ಹಡಗಿನಲ್ಲಿ ನಿದ್ದೆ, ಹಗಲು ಒಂದೊಂದು ದ್ವೀಪ: ಕವರತ್ತಿ, ಕಲ್ಪೇನಿ, ಮಿನಿಕಾಯ್. ಕಲ್ಪೇನಿಯಲ್ಲಿ ನಮ್ಮ ಹಡಗು ದಡಕ್ಕೆ ಬರದೆ ಆಳದ ನೀರಿನಲ್ಲೇ ನಿಂತಿತು. ಪಕ್ಕದ ಬಾಗಿಲಿನಿಂದ, ಏರಿಳಿಯುತ್ತಿದ್ದ ದೋಣಿಗೆ ಹಾರಬೇಕಿತ್ತು. ಐವತ್ತನಾಲ್ಕರ ನಾನು ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಕಣ್ಣುಮುಚ್ಚಿ ಹಾರಿದೆ. ಹಿಡಿದುಕೊಂಡವನು ನನ್ನ ಶಿಷ್ಯರ ವಯಸ್ಸಿನ ಒಬ್ಬ ಹುಡುಗ. ಮೂವತ್ತು ವರ್ಷ ಸಮಾಜ ಪಾಠದಲ್ಲಿ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದ ಚುಕ್ಕೆಗಳ ಮೇಲೆ ಕೊನೆಗೂ ಕಾಲಿಟ್ಟೆ.

ನಮ್ಮ ದಕ್ಷಿಣ ಕನ್ನಡದವರಿಗೆ ಅದು ಪರದೇಶವೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಒಂದು ಕಾಲಕ್ಕೆ ಟಿಪ್ಪುವಿನ ಕೈಯಲ್ಲಿದ್ದವು, ಆಮೇಲೆ ಇಂಗ್ಲಿಷರ ಆಳ್ವಿಕೆಯಲ್ಲಿ ನಮ್ಮ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವವೆಂದು ಧ್ವಜ ಹಾರಿಸುವ ಅದೇ ದಿನ, ನಮ್ಮಿಂದ ಬೇರ್ಪಟ್ಟು ಕೇಂದ್ರಾಡಳಿತ ಪ್ರದೇಶವಾದವು. ಮಂಗಳೂರಿನ ಹಳೇ ಬಂದರಿನಿಂದ ಮಂಜಿಗಳಲ್ಲಿ ಕಲ್ಲು, ಸಿಮೆಂಟು, ತರಕಾರಿ ಹೋಗುವುದು ಅಲ್ಲಿಗೇ. ಅವರ ತೆಂಗಿನ ನಾರು ಬರುತ್ತಿದ್ದುದೂ ಇಲ್ಲಿಗೇ.

ಅಲ್ಲಿಯ ಸಾಂಪ್ರದಾಯಿಕ ಪದ್ಧತಿಯಲ್ಲಿ ತರವಾಡಿನ ಆಸ್ತಿ ಹೆಣ್ಣಿನ ಸಂತತಿಗೆ ಇಳಿಯುತ್ತದೆ. ಗಂಡ ಹೆಂಡತಿಯ ಮನೆಗೆ ಬಂದುಹೋಗುವವನು. ನಮ್ಮ ಅಳಿಯಕಟ್ಟು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿದೆ? ನಮ್ಮ ತಂಡದ ಒಬ್ಬಾಕೆ ಮಾತ್ರ ದಾರಿಯುದ್ದಕ್ಕೂ "ಪಾಪ, ಹೇಗೆ ತಲೆ ಮುಚ್ಚಿಕೊಂಡಿದ್ದಾರೆ ನೋಡಿ" ಎಂದು ಲೊಚಗುಟ್ಟುತ್ತಿದ್ದರು. ಆಕೆಯ ಹೆಸರಿನಲ್ಲಿ ಒಂದು ಸೆಂಟ್ಸು ಜಾಗವೂ ಇಲ್ಲವೆಂದು ನನಗೆ ಗೊತ್ತು. 2011ರ ಜನಗಣತಿಯಲ್ಲಿ ಅಲ್ಲಿನ ಸಾಕ್ಷರತೆ ನೂರಕ್ಕೆ 90ರ ಮೇಲೆ, ನಮ್ಮ ಕರ್ನಾಟಕದ್ದು 75. ಯಾರು ಯಾರಿಗೆ ಪಾಪ ಅನ್ನಬೇಕು, ನೀವೇ ಹೇಳಿ.

ನೀರಿನ ವಿಷಯಕ್ಕೆ ಬರುತ್ತೇನೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತೇವಲ್ಲ, ಬಂದೆವು. ಸಮುದ್ರದಲ್ಲಿ ಆಡಿ ಉಪ್ಪಾದ ಮೈಯನ್ನು ತೊಳೆಯಲು ಬಚ್ಚಲ ಮುಂದೆ ಸಾಲು ನಿಂತೆವು. ಒಬ್ಬರು ತಲೆಗೆ ಎರಡು ಸಲ ಶ್ಯಾಂಪೂ ಹಾಕಿದರು. ಇನ್ನೊಬ್ಬರು ಚಪ್ಪಲಿಯ ಮರಳು ಹೋಗುವವರೆಗೆ ನಲ್ಲಿ ಬಿಟ್ಟುಕೊಂಡೇ ನಿಂತರು. ನಾನೂ ಎರಡು ಬಕೆಟ್ ಸುರಿದುಕೊಂಡೆ, ಸುಳ್ಳು ಹೇಳುವುದಿಲ್ಲ.

ಅಲ್ಲಿ ನದಿಯಿಲ್ಲ, ಬೆಟ್ಟವಿಲ್ಲ. ನೆಲ ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರ. ಮಳೆನೀರು ಮರಳಿನಲ್ಲಿ, ಹವಳದ ಪುಡಿಯಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ, ಸಾರಿನ ಮೇಲೆ ತುಪ್ಪ ನಿಂತ ಹಾಗೆ. ಬಾವಿಯಲ್ಲಿ ಸಿಗುವುದು ಆ ತುಪ್ಪ ಮಾತ್ರ. ಹೆಚ್ಚು ಎಳೆದರೆ ಕೆಳಗಿನ ಸಮುದ್ರ ಮೇಲೆ ಬರುತ್ತದೆ. ಶೌಚಾಲಯದ ಗುಂಡಿಯಿಂದ ಇಳಿದದ್ದೂ ಅದೇ ತೆಳು ನೀರಿಗೇ ಸೇರುತ್ತದೆ. 2005ರಲ್ಲಿ ಕವರತ್ತಿಯಲ್ಲಿ, ಮೇಲಿನ ಬೆಚ್ಚಗಿನ ಸಮುದ್ರದ ನೀರನ್ನು ಆವಿ ಮಾಡಿ ಆಳದ ತಣ್ಣೀರಿನಿಂದ ತಂಪಿಸಿ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ತೆಗೆಯುವ ಘಟಕ ಬಂತು. ಒಂದು ಲಕ್ಷವೆಂದರೆ ದೊಡ್ಡದಾಗಿ ಕೇಳಿಸುತ್ತದೆ. ಸಾವಿರಾರು ಜನರ ಊರಿಗೆ ಹಂಚಿ ನೋಡಿ, ತಲೆಗೆ ಒಂದು ಕೊಡ ಬಂದರೆ ಹೆಚ್ಚು. ಬೇಸಗೆಯಲ್ಲಿ ಟ್ಯಾಂಕರಿಗೆ ಕೊಡ ಹಿಡಿದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಇನ್ನು "ಏನು ತಂದಿರಿ?" ಎಂಬ ಪ್ರಶ್ನೆ. ತರಲು ಹೋದೆ, ಒಪ್ಪಿಕೊಳ್ಳುತ್ತೇನೆ. ನಮ್ಮ ಶಾಲೆಯ ಗಾಜಿನ ಬೀರುವಿನಲ್ಲಿ ಯಾವ ಕಾಲದ್ದೋ ಒಂದು ಹವಳದ ತುಂಡಿದೆ, ಜಿಂಕೆಯ ಕೊಂಬಿನಂಥದು. ಅದಕ್ಕೊಂದು ಜೊತೆ ಇರಲೆಂದು ಕಲ್ಪೇನಿಯ ದಡದಲ್ಲಿ ಬಿದ್ದಿದ್ದ ಅಂಗೈಯಗಲದ್ದನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕಿಳಿಸಿದೆ. ಯೂನಿಫಾರ್ಮಿನ ಹುಡುಗಿಯೊಬ್ಬಳು ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಹತ್ತಿರ ಬಂದು ಕೈ ಚಾಚಿದಳು. ಕಾಪಿ ಚೀಟಿ ಹಿಡಿದಾಗ ನಾನು ಚಾಚುತ್ತೇನಲ್ಲ, ಹಾಗೆಯೇ. ಕೊಟ್ಟೆ. ಅವಳು ಅದನ್ನು ನೀರಿಗೆ ಎಸೆದು ಹೊರಟುಹೋದಳು. ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ 2001ರಿಂದಲೇ ಇದೆಯೆಂದು ಊರಿಗೆ ಬಂದ ಮೇಲೆ ಓದಿದೆ. ಬಿ.ಎಡ್. ಮಾಡಿದವಳು ನಾನು!

ಆ ಹವಳದ ದಿಬ್ಬವೇ ದ್ವೀಪದ ಪಾಗಾರ. ತೆರೆಯ ಹೊಡೆತವನ್ನು ಮೊದಲು ತಿನ್ನುವುದು ಅದು. 1998ರಲ್ಲಿ ಸಮುದ್ರ ಬಿಸಿಯೇರಿ ಹವಳ ಬಿಳಿಚಿ ರಾಶಿರಾಶಿಯಾಗಿ ಸತ್ತಿತು. 2010ರಲ್ಲಿ, 2016ರಲ್ಲಿ ಮತ್ತೆ. ಕುಸಿಯುತ್ತಿರುವ ಪಾಗಾರದ ಮನೆಗೆ ನಾವು ನೆಂಟರನ್ನು ಲಾರಿಯಲ್ಲಿ ತುಂಬಿ ಕಳಿಸಬೇಕಂತೆ.

2024ರ ಜನವರಿಯಲ್ಲಿ ಪ್ರಧಾನಿಗಳು ಅಲ್ಲಿಗೆ ಹೋಗಿಬಂದದ್ದೇ ತಡ, ಫೋನಿನಲ್ಲೆಲ್ಲ ಮಾಲ್ದೀವ್ಸಿಗೆ ಬುದ್ಧಿ ಕಲಿಸುವ ಉತ್ಸಾಹ. ಬುದ್ಧಿ ಕಲಿಸುವ ಮುಂಚೆ ಲೆಕ್ಕ ಕಲಿಯೋಣ. ಅವರದು ಸುಮಾರು 1,200 ದ್ವೀಪ. ಜನವಿಲ್ಲದ ದ್ವೀಪವೊಂದನ್ನು ಇಡಿಯಾಗಿ ಒಂದು ಹೋಟೆಲಿಗೆ ಕೊಡುತ್ತಾರೆ. ಲಕ್ಷದ್ವೀಪದಲ್ಲಿರುವುದು 36, ಜನವಸತಿ ಇರುವುದು 10ರಲ್ಲಿ. ಒಟ್ಟು ನೆಲ 32 ಚದರ ಕಿಲೋಮೀಟರ್. ಅಂಥ ಮೂರನ್ನು ಮಂಗಳೂರು ನಗರದೊಳಗೆ ಇಟ್ಟರೂ ಜಾಗ ಉಳಿಯುತ್ತದೆ. ಅಷ್ಟರಲ್ಲಿ 2011ರಲ್ಲೇ 64 ಸಾವಿರ ಜನ.

ಹಾಗಾದರೆ ಅವರು ಬಡವರಾಗಿಯೇ ಇರಲೇ ಎಂದು ನಮ್ಮ ಗಣಿತದ ಮೇಡಂ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಾನೇನು ಅವರ ಹೊಟ್ಟೆಗೆ ಕಲ್ಲು ಹಾಕಲು ಹೊರಟವಳಲ್ಲ. ಆದರೆ ಅವರನ್ನು ಯಾರಾದರೂ ಕೇಳಿದ್ದಾರೆಯೇ? 2021ರಲ್ಲಿ ಅಭಿವೃದ್ಧಿಯ ಹೆಸರಿನ ನಿಯಮಗಳ ಕರಡು ಬಂದಾಗ, ನೆಲ ಕೈತಪ್ಪೀತೆಂದು ಹೆದರಿ ಜೂನ್ 7ರಂದು ಆ ಜನ ಮನೆಮನೆಯಲ್ಲಿ ಹನ್ನೆರಡು ಗಂಟೆ ಉಪವಾಸ ಕುಳಿತರು. ಮಿನಿಕಾಯ್‌ನಲ್ಲಿ ತೆಂಗಿನ ಸಿಹಿ ಮಾರುತ್ತಿದ್ದ ಹೆಂಗಸು ನನ್ನ ಹರುಕು ಮಲಯಾಳಕ್ಕೆ ತನ್ನ ಹರುಕು ಮಲಯಾಳದಲ್ಲೇ (ಅವರ ಮಾತು ಮಹಲ್) ಹೇಳಿದಳು: "ಬನ್ನಿ, ಬರಬೇಡಿ ಅನ್ನುವುದಿಲ್ಲ. ನೀವು ಬಂದರೆ ನನಗೂ ನಾಲ್ಕು ಕಾಸು. ಆದರೆ ಮಗಳ ಹೆರಿಗೆಗೆ ಕೊಚ್ಚಿಗೆ ಹೋಗಲು ನನಗೆ ಹಡಗಿನ ಟಿಕೇಟು ಸಿಗಲಿಲ್ಲ. ನಿಮಗೆ ಹೇಗೆ ಸಿಕ್ಕಿತು?"

ನನ್ನ ಟಿಕೇಟು ಮೂರು ತಿಂಗಳು ಮೊದಲೇ ಆಗಿತ್ತು, ಊಟ ಸಮೇತ. ಅವಳಿಂದ ನಾಲ್ಕು ಪೊಟ್ಟಣ ಕೊಂಡೆ, ಚೌಕಾಶಿ ಮಾಡಲಿಲ್ಲ. ಆ ರಾತ್ರಿ ಬರ್ತಿನಲ್ಲಿ ಸರಿಯಾಗಿ ನಿದ್ದೆ ಬರಲಿಲ್ಲ. ಹಡಗಿನ ಓಲಾಟ ಎಂದು ಪಕ್ಕದವರಿಗೆ ಹೇಳಿದೆ.

ಮೊನ್ನೆ ನಮ್ಮ ಬೀದಿಯ ಕೊನೆಯ ಮನೆಯವರು ಬಂದಿದ್ದರು. ಸೊಸೆ, ಮೊಮ್ಮಕ್ಕಳ ಸಮೇತ ಅವರೂ ಹೊರಟಿದ್ದಾರಂತೆ. "ಎಷ್ಟು ಜೊತೆ ಬಟ್ಟೆ ಇಡಲಿ ಟೀಚರೇ?" ಎಂದರು. ಬಟ್ಟೆ ಎಷ್ಟಾದರೂ ಇಡಿ, ಶ್ಯಾಂಪೂ ಮಾತ್ರ ಮನೆಯಲ್ಲೇ ಬಿಡಿ, ಮೊಮ್ಮಕ್ಕಳ ಜೇಬು ಬರುವಾಗ ಒಮ್ಮೆ ಕೊಡವಿ ಎಂದೆ. ಕಾಫಿ ಅರ್ಧ ಕುಡಿದು ಎದ್ದುಹೋದರು.