ಹಿತಮಿತದ ದ್ವೀಪಯಾತ್ರೆ

ನಮ್ಮ ವಾಚಕರೊಬ್ಬರು ಈ ತಿಂಗಳು ಒಂದು ಕಾಗದವನ್ನು ಬರೆದಿದ್ದಾರೆ. ಗ್ಯಾಲಪಗೋಸ್ ದ್ವೀಪಗಳನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಬಾಲ್ಯದ ಹಂಬಲ. ಅದಕ್ಕಾಗಿ ಹಲವು ವರ್ಷಗಳಿಂದ ಅಷ್ಟಿಷ್ಟು ಹಣವನ್ನು ಕೂಡಿಟ್ಟಿದ್ದಾರೆ. ಜೊತೆಗೆ ಬರುವವರು ಯಾರೂ ಇಲ್ಲ, ಗಂಟೂ ದೊಡ್ಡದಲ್ಲ. ಮನೆಯವರು ಇದನ್ನು ಹುಚ್ಚೆಂದು ನಗುವರಂತೆ. "ಹೋಗಬಹುದೇ? ಹೋಗುವುದಾದರೆ ಯಾವ ಖರ್ಚನ್ನು ಬಿಡಬಹುದು, ಯಾವುದನ್ನು ಬಿಡಬಾರದು?" ಎಂಬುದು ಅವರ ಪ್ರಶ್ನೆ. ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ಮೊದಲನೆಯದು ತಾನಾಗಿಯೇ ಬಗೆಹರಿಯುವುದೆಂದು ನಮಗೆ ತೋರುತ್ತದೆ.

ಈ ದ್ವೀಪಸ್ತೋಮವು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದುದು. ಆ ದೇಶದ ಕರಾವಳಿಯಿಂದ ಸುಮಾರು 1,000 ಕಿಲೋಮೀಟರು ಪಶ್ಚಿಮಕ್ಕೆ, ಶಾಂತಸಾಗರದಲ್ಲಿ, ಭೂಮಧ್ಯರೇಖೆಯ ಇಕ್ಕೆಲಗಳಲ್ಲಿಯೂ ಹರಡಿಕೊಂಡಿದೆ. ಅಗ್ನಿಪರ್ವತಗಳು ಕಾರಿದ ಕಲ್ಲಿನಿಂದಾದ ಈ ನೆಲದಲ್ಲಿ ಪ್ರಾಣಿಪಕ್ಷಿಗಳು ಮನುಷ್ಯನ ಅಂಜಿಕೆಯನ್ನರಿಯದೆಯೇ ಬೆಳೆದುವು. 1835ರಲ್ಲಿ ಐದು ವಾರಗಳ ಕಾಲ ಅಲ್ಲಿ ತಂಗಿದ್ದ ಚಾರ್ಲ್ಸ್ ಡಾರ್ವಿನ್ನನು, ಕೊಂಬೆಯ ಮೇಲೆ ಕುಳಿತಿದ್ದ ಗಿಡುಗವೊಂದನ್ನು ಬಂದೂಕಿನ ತುದಿಯಿಂದಲೇ ನೂಕಿದುದಾಗಿ ಬರೆದಿಟ್ಟಿದ್ದಾನೆ.

ಅನುಕೂಲಸ್ಥರು ಈ ದ್ವೀಪಗಳನ್ನು ವಿಹಾರನೌಕೆಯಲ್ಲಿ ಸುತ್ತುವುದುಂಟು. ಅದಕ್ಕೆ ಸಾವಿರಾರು ಡಾಲರುಗಳು ಬೇಕು. ಒಂಟಿಯಾಗಿ ಬಂದವರು ಇಬ್ಬರ ಕೋಣೆಗೆ ಹೆಚ್ಚಿನ ಬಾಡಿಗೆಯನ್ನು ತೆರಬೇಕಾಗಿಯೂ ಬರಬಹುದು. ಆದರೆ ಇದೊಂದೇ ದಾರಿಯಲ್ಲ. ಸಾಂತಾ ಕ್ರೂಸ್, ಸಾನ್ ಕ್ರಿಸ್ತೋಬಾಲ್, ಇಸಾಬೆಲಾ ದ್ವೀಪಗಳಲ್ಲಿ ಜನವಸತಿಯ ಊರುಗಳಿವೆ, ಸಾಧಾರಣ ದರದ ತಂಗುಮನೆಗಳಿವೆ. ಸಾಂತಾ ಕ್ರೂಸಿನಿಂದ ಉಳಿದೆರಡಕ್ಕೂ ಸಾರ್ವಜನಿಕ ದೋಣಿಗಳು ಸುಮಾರು ಎರಡು ಗಂಟೆಗಳಲ್ಲಿ ಮುಟ್ಟಿಸುತ್ತವೆ. ಸಾನ್ ಕ್ರಿಸ್ತೋಬಾಲಿನ ಊರಿನಲ್ಲಿ ಕಡಲಸಿಂಹಗಳು ದಾರಿಬದಿಯ ಬೆಂಚುಗಳ ಮೇಲೆಯೇ ಮಲಗಿರುತ್ತವೆ. ಸಾಂತಾ ಕ್ರೂಸಿನ ಮೀನುಕಟ್ಟೆಯಲ್ಲಿ ಹೆಜ್ಜಾರ್ಲೆಗಳು ಗಿರಾಕಿಗಳಂತೆ ಕಾದು ನಿಂತಿರುತ್ತವೆ; ಅಲ್ಲಿಂದ ಎರಡೂವರೆ ಕಿಲೋಮೀಟರು ನಡೆದರೆ ತೊರ್ತುಗಾ ಕೊಲ್ಲಿಯ ಬಿಳಿಯ ಮರಳಿನಲ್ಲಿ ಕಡಲಿನ ಉಡಗಳು ಬಿಸಿಲು ಕಾಯುವುದನ್ನು ಕಾಣಬಹುದು. ಫರ್ನಾಂಡಿನಾ, ಗೆನೊವೆಸಾಗಳಂಥ ದೂರದ ದ್ವೀಪಗಳು ಮಾತ್ರ ನೌಕೆಯಿಲ್ಲದವರಿಗೆ ಸಾಮಾನ್ಯವಾಗಿ ದಕ್ಕಲಾರವು. ಅಷ್ಟನ್ನು ಬಿಟ್ಟುಕೊಡಲೇಬೇಕು.

ಉಳಿತಾಯದ ಬಗೆಗಳು ಇನ್ನೂ ಕೆಲವುಂಟು. ಸಾಂತಾ ಕ್ರೂಸಿಗೆ ಹತ್ತಿರದ ಬಾಲ್ತ್ರಾ ವಿಮಾನನಿಲ್ದಾಣದಲ್ಲಿ ಇಳಿದು, ಸಾನ್ ಕ್ರಿಸ್ತೋಬಾಲಿನಿಂದ ಹಿಂದಿರುಗಿದರೆ ಒಂದು ದೋಣಿಯ ಖರ್ಚು ಉಳಿಯುತ್ತದೆ. ರಾತ್ರಿಯ ಭೋಜನಗೃಹಗಳನ್ನು ದೂರವಿಟ್ಟು, ಊರಿನವರೇ ಉಣ್ಣುವ ಮಧ್ಯಾಹ್ನದ ಊಟವನ್ನು ನೆಚ್ಚುವುದು ಲೇಸು. ಶಾಕಾಹಾರಿಗಳಿಗೂ ಅನ್ನ, ಹುರುಳಿಕಾಯಿಯ ಬೀಜದ ಸಾರು, ಬೇಯಿಸಿದ ಬಾಳೆಕಾಯಿಗಳು ಅಪರೂಪವಲ್ಲ. ದಿನಕ್ಕೊಂದು ದೋಣಿವಿಹಾರದ ಆಸೆಯನ್ನು ಬಿಟ್ಟು, ಚೆನ್ನಾಗಿ ವಿಚಾರಿಸಿ ಒಂದನ್ನೇ ಆರಿಸಿಕೊಳ್ಳಲಿ. ಮಿಕ್ಕ ದಿನಗಳಲ್ಲಿ ನಡೆಯಲಿ. ಅಲ್ಲಿ ನಡೆಯುವವನಿಗೆ ಕಾಣದಿರುವುದು ಕಡಮೆ.

ಇನ್ನು, ಕೈಬಿಗಿ ಹಿಡಿಯಬಾರದ ಖರ್ಚುಗಳು. ರಾಷ್ಟ್ರೀಯ ಉದ್ಯಾನದ ಪ್ರವೇಶಶುಲ್ಕವು ನಮ್ಮಂಥ ವಿದೇಶೀಯರಿಗೆ 100 ಡಾಲರುಗಳಿದ್ದುದು, 2024ರ ಆಗಸ್ಟ್ 1ರಿಂದ 200 ಡಾಲರುಗಳಾಗಿದೆ. ಇದಲ್ಲದೆ ದ್ವೀಪಗಳಿಗೆ ಕಾಲಿಡುವ ಮುನ್ನ ಪ್ರಯಾಣದ ಚೀಟಿಯೊಂದನ್ನು ಹಣ ತೆತ್ತು ಪಡೆಯಬೇಕು. ಮರುಪ್ರಯಾಣದ ಟಿಕೇಟು ಇರಲೇಬೇಕು. ಈಕ್ವೆಡಾರಿನಿಂದ ಭಾರತಕ್ಕೆ ಮರಳುವವರು ಹಳದಿಜ್ವರದ ಲಸಿಕೆಯ ಪ್ರಮಾಣಪತ್ರವನ್ನು ತೋರಿಸಬೇಕಾಗುವುದು. ಚುಚ್ಚಿಸಿಕೊಂಡು ಹತ್ತು ದಿನಗಳಾದ ಮೇಲೆಯೇ ಅದು ಊರ್ಜಿತವಾದುದರಿಂದ, ಕೊನೆಯ ಗಳಿಗೆಯವರೆಗೆ ಕಾಯುವುದು ಸಲ್ಲದು. ಒಂಟಿ ಪ್ರಯಾಣಿಕರಿಗೆ ವಿಮೆಯೂ ಅವಶ್ಯ. ಒಬ್ಬರೇ ಕಡಲಿನಲ್ಲಿ ಈಜಬಾರದು. ಇಂದು ಎತ್ತ ಹೋಗುವೆನೆಂಬುದನ್ನು ತಂಗುಮನೆಯವರಿಗೂ ನಮ್ಮ ಮನೆಯವರಿಗೂ ತಿಳಿಸಿಯೇ ಹೊರಡಬೇಕು. ಮನೆಯವರ ನಗುವಿನ ಹಿಂದೆ ಇರುವುದು ಬಹುಮಟ್ಟಿಗೆ ಅಂಜಿಕೆಯೇ; ಅದಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಪ್ರವೇಶಶುಲ್ಕವನ್ನು ಕಂಡು ನಮ್ಮ ವಾಚಕರು ಹುಬ್ಬುಗಂಟಿಕ್ಕಬಹುದು. ಆದರೆ ಅಗ್ಗದ ಪ್ರಯಾಣದ ಆಸೆಯು ಈ ದ್ವೀಪಗಳಿಗೆ ಹೊಸತಲ್ಲವೆಂಬುದನ್ನು ಅವರು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ತಿಮಿಂಗಿಲದ ಬೇಟೆಗೆ ಬಂದ ಹಡಗಿನವರು ಇಲ್ಲಿಯ ಭಾರಿ ನೆಲದಾಮೆಗಳನ್ನು ರಾಶಿರಾಶಿಯಾಗಿ ಹೊತ್ತೊಯ್ದರು. ಅವು ಅನ್ನನೀರುಗಳಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲುವು. ಆದುದರಿಂದ ಹಡಗಿನ ಒಡಲಿನಲ್ಲಿ ಜೀವಂತವಾಗಿ ಪೇರಿಸಿಟ್ಟು, ಬೇಕಾದಾಗ ಕೊಂದು ತಿನ್ನುತ್ತಿದ್ದರು. ಅದು ಕಾಸಿಲ್ಲದೆ ದೊರೆತ ಬುತ್ತಿ. ಮುಂದೆ ಮನುಷ್ಯನು ತಂದುಬಿಟ್ಟ ಆಡುಗಳು ಆಮೆಗಳ ಮೇವನ್ನೂ ತಿಂದು ಮುಗಿಸಿದುವು. ಪಿಂಟಾ ದ್ವೀಪದ ಆಮೆಗಳಲ್ಲಿ ಉಳಿದಿದ್ದುದು ಒಂದೇ ಒಂದು. 1971ರಲ್ಲಿ ಕಣ್ಣಿಗೆ ಬಿದ್ದ ಆ ಒಂಟಿ ಗಂಡಿಗೆ ಲೋನ್‌ಸಮ್ ಜಾರ್ಜ್ ಎಂದು ಹೆಸರಾಯಿತು. 2012ರ ಜೂನ್ 24ರಂದು ಅದು ತೀರಿಕೊಂಡಾಗ ಅದರ ಕುಲವೇ ಮುಗಿಯಿತು. ಅಂದು ಯಾರೋ ಉಳಿಸಿದ ಕಾಸಿನ ಬೆಲೆ ಅದು.

1959ರಲ್ಲಿ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾದ ಮೇಲೆ ಅಳಿದುಳಿದ ಆಮೆಗಳನ್ನು ಸಾಕಿ, ಮರಿಮಾಡಿಸಿ, ಅವುಗಳ ದ್ವೀಪಗಳಿಗೆ ಮರಳಿಸುವ ಕಾರ್ಯವು ನಡೆದುಬಂದಿದೆ. ಅಲ್ಲಿಯ ನಿಯಮಗಳೂ ಇದೇ ಉದ್ದೇಶದವು. ಪ್ರಾಣಿಗಳಿಂದ ಎರಡು ಮೀಟರು ದೂರ ನಿಲ್ಲಬೇಕು; ಅದೇ ಹತ್ತಿರ ಬಂದರೆ ನಾವೇ ಹಿಂದೆ ಸರಿಯಬೇಕು. ತಿನ್ನಲು ಕೊಡಬಾರದು, ಮುಟ್ಟಬಾರದು, ಚಿಪ್ಪನ್ನಾಗಲಿ ಕಲ್ಲನ್ನಾಗಲಿ ತರಬಾರದು. ಅಂಜದೆ ಬಳಿಗೆ ಬರುವ ಜೀವಕ್ಕೆ ದ್ರೋಹ ಮಾಡದಿರುವುದಷ್ಟೇ ಇದರ ತಾತ್ಪರ್ಯ.

ಆದುದರಿಂದ ನಮ್ಮ ಉತ್ತರವಿಷ್ಟೆ: ಅವಶ್ಯವಾಗಿ ಹೋಗಬಹುದು. ನಮ್ಮ ಹಾಸಿಗೆ, ನಮ್ಮ ಊಟ, ನಮ್ಮ ಅವಸರ, ಇವುಗಳಲ್ಲಿ ಎಷ್ಟು ಬೇಕಾದರೂ ಮಿತವ್ಯಯವಿರಲಿ. ಆ ನೆಲಕ್ಕೆ ಸಲ್ಲಬೇಕಾದುದರಲ್ಲಿಯೂ ಮನೆಯವರ ನೆಮ್ಮದಿಯಲ್ಲಿಯೂ ಬೇಡ. ಈ ಲೆಕ್ಕಕ್ಕೆ ಗಂಟು ಸಾಲದಿದ್ದರೆ ಸಾಲ ಮಾಡದೆ ಇನ್ನೊಂದು ವರ್ಷ ಕೂಡಿಡಲಿ. ಅಲ್ಲಿಯ ಆಮೆಗಳು ನೂರು ವರ್ಷಗಳನ್ನೂ ಮೀರಿ ಬದುಕುವುವು. ಒಂದು ವರ್ಷ ತಡವಾಗಿ ಬಂದರೆಂದು ಬೇಸರಪಡಲಾರವು.