ಉಜ್ಜಿದರೆ ಹೋಗುವ ಕಲೆಯಲ್ಲ



ಮದುವೆಯ ಹಂಗಾಮು ಬಂದಿತೆಂದರೆ ನಮ್ಮ ನಿಡೋಣಿ, ಬಬಲೇಶ್ವರದ ಕಡೆಯ ಮನೆಗಳಲ್ಲಿ ಈಗೀಗ ಹೊಸದೊಂದು ಚಿಂತೆ. ಕನ್ಯೆಯ ಹಲ್ಲು ಬೆಳ್ಳಗಾಗಬೇಕು! ನೋಡಲು ಬಂದವರು ಹುಡುಗಿಯ ಓದನ್ನು ಕೇಳುವ ಮೊದಲೇ ಅವಳು ನಗುವುದನ್ನು ಕಾಯುತ್ತಾರೆ. ಹಲ್ಲಿನ ಮೇಲೆ ಕಂದು ಗೆರೆ ಕಂಡಿತೋ, ‘ಹಲ್ಲು ತಿಕ್ಕುವ ರೂಢಿಯಿಲ್ಲ’ ಎಂದು ತೀರ್ಪು. ಈ ತೀರ್ಪಿನಷ್ಟು ಅನ್ಯಾಯವಾದುದು ಇನ್ನೊಂದಿಲ್ಲ.

ವಿಜಯಪುರ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದೆಂಬುದು ಭಾರತೀಯ ಮಾನಕ. ಮಗುವಿಗೆ ಸುಮಾರು ಎಂಟು ವರ್ಷ ತುಂಬುವವರೆಗೆ, ಹಾಲುಹಲ್ಲುಗಳ ಕೆಳಗೆ ಒಸಡಿನೊಳಗೆ ಕಾಯಂ ಹಲ್ಲುಗಳ ಎನಾಮೆಲ್ ರೂಪುಗೊಳ್ಳುತ್ತಿರುತ್ತದೆ. ಆಗ ಕುಡಿದ ನೀರಿನ ಗುರುತು ಎನಾಮೆಲಿನೊಳಗೇ ಉಳಿಯುತ್ತದೆ. ಹಲ್ಲು ಹೊರಬಂದ ಮೇಲೆ ಎಷ್ಟು ಉಜ್ಜಿದರೇನು?

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1901ರಲ್ಲಿ ಮೆಕೆ ಎಂಬ ದಂತವೈದ್ಯನು ಇಂತಹದೇ ಕಂದು ಹಲ್ಲುಗಳನ್ನು ಕಂಡನು. ಹಂದಿಮಾಂಸ ಹೆಚ್ಚಾಗಿ ತಿಂದದ್ದೇ ಕಾರಣ, ಕೆಟ್ಟ ಹಾಲೇ ಕಾರಣ ಎಂದು ಅಲ್ಲಿಯ ಜನ ಹೇಳುತ್ತಿದ್ದರು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾಗಲು 1931 ಬರಬೇಕಾಯಿತು. ಆ ಕಲೆಯ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ ಎಂಬುದನ್ನೂ ಮೆಕೆ ಗಮನಿಸಿದ್ದನು. ನಮ್ಮ ಬೀಗರಿಗೆ ಇದನ್ನು ಯಾರು ಹೇಳಬೇಕು!

ಅಂದ ಹಾಗೆ, ಗಂಡಿನ ಹಲ್ಲನ್ನು ಪರೀಕ್ಷಿಸುವವರನ್ನು ನಾನಂತೂ ಕಂಡಿಲ್ಲ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿಯೇ ನಿಷೇಧವಾಯಿತು. ವರಮಹಾಶಯರ ಹಲ್ಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಉಪಾಯಗಳಂತೂ ಬೇಕಾದಷ್ಟು. ಇಂಡಿಯ ಲಿಂಬೆ ಉಪ್ಪಿನಕಾಯಿಗೆ ಶ್ರೇಷ್ಠ, ಹಲ್ಲಿಗಲ್ಲ. ಅದರ ಆಮ್ಲವು ಎನಾಮೆಲನ್ನು ಮೃದುಗೊಳಿಸುತ್ತದೆ, ಮೇಲೆ ಉಪ್ಪು ಹಾಕಿ ತಿಕ್ಕಿದರೆ ಮೃದುವಾದುದು ಸವೆದೇ ಹೋಗುತ್ತದೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ, ಒಳಗಿನ ಹಳದಿ ಪದರವೇ ಕಾಣತೊಡಗುತ್ತದೆ. ಇದ್ದಿಲಿನ ಪುಡಿಯೂ ಹೀಗೆಯೇ ಸವೆಸುವಂಥದು. ‘ಬಿಳುಪಿನ ಪೇಸ್ಟ್’ ಎಂಬುದು ಚಹಾದ ಮೇಲ್ಕಲೆಯನ್ನು ತುಸು ತೆಗೆದೀತು, ಅಷ್ಟೆ.

ಪೆರಾಕ್ಸೈಡ್ ಬ್ಲೀಚಿಂಗ್ ನಿಜಕ್ಕೂ ಕೆಲಸ ಮಾಡುತ್ತದೆ, ಸುಳ್ಳಲ್ಲ. ವಯಸ್ಸಿನಿಂದಲೋ ಚಹಾದಿಂದಲೋ ಹಳದಿಯಾದ ಹಲ್ಲಿಗೆ ಅದು ಚೆನ್ನಾಗಿ ಒದಗುತ್ತದೆ. ಆದರೆ ಫ್ಲೋರೈಡಿನ ಬಿಳಿ ಮಚ್ಚೆಗಳು ಅದರಿಂದ ಕೆಲವೊಮ್ಮೆ ಇನ್ನಷ್ಟು ಎದ್ದು ಕಾಣುತ್ತವೆ. ಹಲ್ಲು ಕೆಲದಿನ ಜುಮ್ಮೆನ್ನುತ್ತದೆ, ಬಿಳುಪೂ ಶಾಶ್ವತವಲ್ಲ. ಯುರೋಪಿನಲ್ಲಿ 0.1ರಿಂದ 6 ಪ್ರತಿಶತದವರೆಗಿನ ಹೈಡ್ರೋಜನ್ ಪೆರಾಕ್ಸೈಡನ್ನು ದಂತವೈದ್ಯರ ಮೂಲಕವೇ ಕೊಡಬೇಕು, ಹದಿನೆಂಟು ತುಂಬದವರಿಗೆ ಕೊಡಕೂಡದು ಎಂಬ ನಿಯಮ 2012ರಿಂದ ಇದೆ. ನಮ್ಮಲ್ಲಿಯೋ, ಅದು ಸೌಂದರ್ಯ ಮಳಿಗೆಯಲ್ಲಿಯೂ ನಡೆಯುತ್ತದೆ! ಕಂದು ಕಲೆ ತೀರ ಮನಸ್ಸಿಗೆ ಚುಚ್ಚುವಂತಿದ್ದರೆ ದಂತವೈದ್ಯರ ಬಳಿಗೆ ಹೋಗಿರಿ. ಮೇಲಿನ ತೆಳುಪದರವನ್ನು ಹದವಾಗಿ ಉಜ್ಜಿ ತೆಗೆಯುವ, ಇಲ್ಲವೆ ಕಲೆಯನ್ನು ಮುಚ್ಚುವ ವಿಧಾನಗಳು ಅವರಲ್ಲಿವೆ.

ಆದರೆ ನನ್ನ ಸಿಟ್ಟು ಇರುವುದು ಬೇರೆಡೆ. ಮಗಳ ಹಲ್ಲಿಗೆ ಸಾವಿರಾರು ರೂಪಾಯಿ ಸುರಿಯುವ ಮನೆಯಲ್ಲಿಯೇ ಮೂರು ವರ್ಷದ ಮೊಮ್ಮಗ ಅದೇ ಬೋರಿನ ನೀರು ಕುಡಿಯುತ್ತಿರುತ್ತಾನೆ. ಕುದಿಸಿದರೆ ಫ್ಲೋರೈಡ್ ಹೋಗದು; ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌ಒ ಘಟಕದ ನೀರಾದರೆ ಒಳ್ಳೆಯದು. ಊರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಗೆ ಹೋಗಿ ಕೇಳಿರಿ. ನಿಮ್ಮ ಕೊಳವೆಬಾವಿಯ ನೀರಿನ ಪರೀಕ್ಷೆ ಆಗಿದೆಯೇ, ಫ್ಲೋರೈಡ್ ಎಷ್ಟು ಬಂದಿದೆ ಎಂಬುದನ್ನು ಬರೆದುಕೊಡಲು ಹೇಳಿರಿ. ಈ ಸಲ ಊರಿಗೆ ಬಂದಾಗ ನನ್ನೊಡನೆ ಯಾರು ಬರುತ್ತೀರಿ?