ಎಣಿಸುವುದೂ ಅಳೆಯುವುದೂ

ಕಳೆದ ವರ್ಷ ಬೊಮ್ಮನಹಳ್ಳಿಯ ನಮ್ಮ ಮನೆಗೆ ಸಮೀಪದ ಕಚೇರಿಯೊಂದಕ್ಕೆ ಕೆಲಸದ ಸಂದರ್ಶನಕ್ಕೆಂದು ಹೋಗಿದ್ದೆ. ಕೊನೆಯಲ್ಲಿ, ಕೇಳುವುದೇನಾದರೂ ಇದ್ದರೆ ಕೇಳಬಹುದೆಂದರು. 'ಎಷ್ಟು ಜನರನ್ನು ತೆಗೆದುಕೊಳ್ಳುವಿರಿ?' ಎಂದು ಮನಸ್ಸಿನಲ್ಲಿ ಕಟ್ಟಿಕೊಂಡು 'ಹೌ ಮಚ್ ಪೀಪಲ್' ಎಂದುಬಿಟ್ಟೆ. ಮೇಜಿನಾಚೆಯವರು ಪರಸ್ಪರ ಮುಖ ನೋಡಿ ನಕ್ಕರು. ಆ ನಗು ಮನೆಯವರೆಗೂ ನನ್ನ ಬೆನ್ನು ಬಿಡಲಿಲ್ಲ.

ನಮ್ಮ ವಂಶದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮನೆಯಲ್ಲಿ ಇಂಗ್ಲಿಷು ತಿದ್ದುವವರಿಲ್ಲ. ಆದರೂ ಪಾಠ ದೊರೆತದ್ದು ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನಮ್ಮ ತಾಯಿಯವರ ಮಾತಿನಿಂದಲೇ. ಅಲ್ಲಿ ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತಾರೆ. ಹೊಲಿದ ಅಂಗಿಯನ್ನು ಪೀಸುಗಳಲ್ಲಿ ಎಣಿಸುತ್ತಾರೆ. ಇಂಗ್ಲಿಷಿನ ಗುಟ್ಟೂ ಇಷ್ಟೆ. ಅಳೆಯುವುದಕ್ಕೆ ಮಚ್, ಲಿಟಲ್, ಲೆಸ್, ಅಮೌಂಟ್. ಎಣಿಸುವುದಕ್ಕೆ ಮೆನಿ, ಫ್ಯೂ, ಫ್ಯೂಯರ್, ನಂಬರ್.

ಈ ಭೇದ ನಮಗೆ ಹೊಸದೇನಲ್ಲ. ಕನ್ನಡದ 'ಎಷ್ಟು' ನೀರಿಗೂ ಜನಕ್ಕೂ ಸಲ್ಲುವುದರಿಂದ ನಾವು ಎಡವುತ್ತೇವೆ, ನಿಜ. ಆದರೆ 'ಕೆಲವು ನೀರು' ಎಂದು ಯಾವ ಹಳ್ಳಿಯ ಮಗುವೂ ಹೇಳದು. 'ಕೊಂಚ ನೀರು', 'ಕೆಲವು ಮರ' ಎನ್ನುತ್ತದೆ. 'ಎ ಫ್ಯೂ' ಎಂದರೆ ನಮ್ಮ 'ಕೆಲವು'. ಬರಿಯ 'ಫ್ಯೂ' ಎಂದರೆ 'ಕೆಲವೇ'. ನಮ್ಮ ಒಂದು ಏಕಾರ ಮಾಡುವ ಕೆಲಸವನ್ನು ಅವರು 'ಎ' ಬಿಟ್ಟು ಮಾಡುತ್ತಾರೆ! ಬಾಯಿಪಾಠ ಮಾಡಬೇಕಾದವು ಕೆಲವುಂಟು: ನಾವು ಸಲಹೆಗಳನ್ನು ಎಣಿಸುತ್ತೇವೆ, ಅವರು 'ಅಡ್ವೈಸ'ನ್ನು ಎಣಿಸರು, 'ಇನ್ಫರ್ಮೇಷನ್', 'ಫರ್ನಿಚರ್'ಗಳ ಕಥೆಯೂ ಅದೇ.

ನನ್ನ ಮಾತು ತಪ್ಪೇ ಆಗಿತ್ತು; ಅದನ್ನು ಸಮರ್ಥಿಸಲಾರೆ. ಆದರೆ ಎಲ್ಲ ನಿಯಮವೂ ಶಿಲಾಶಾಸನವಲ್ಲ. 9ನೆಯ ಶತಮಾನದ ಅರಸ ಆಲ್ಫ್ರೆಡನ ಬರಹದಲ್ಲಿಯೇ 'ಲೆಸ್' ಎಣಿಸುವ ವಸ್ತುವಿಗೂ ಬಂದಿದೆ. ಅಲ್ಲಿ 'ಫ್ಯೂಯರ್' ಲೇಸೆಂದು 1770ರಲ್ಲಿ ರಾಬರ್ಟ್ ಬೇಕರ್ ಬರೆದದ್ದು ತನ್ನ ಅಭಿರುಚಿಯೆಂದೇ. ಅದು ಬರಬರುತ್ತಾ ಕಟ್ಟಳೆಯಾಯಿತು. ಇಂಗ್ಲೆಂಡಿನ ಟೆಸ್ಕೋ ಅಂಗಡಿಯವರು '10 ಐಟಮ್ಸ್ ಆರ್ ಲೆಸ್' ಎಂಬ ಫಲಕದ ಬಗೆಗಿನ ಆಕ್ಷೇಪಣೆ ತಾಳಲಾರದೆ, 2008ರಲ್ಲಿ 'ಅಪ್ ಟು 10 ಐಟಮ್ಸ್' ಎಂದು ಬದಲಿಸಲು ತೀರ್ಮಾನಿಸಿದರು. ಆ ಭಾಷೆಯಲ್ಲಿ ಹುಟ್ಟಿದವರೇ ಹೀಗೆ ತಡವರಿಸುವಾಗ ನಮ್ಮನ್ನು ಕಂಡು ನಗುವುದೇಕೆ?

ಆದುದರಿಂದ ನನ್ನ ವಿನಂತಿ ಎರಡು. ಅಧ್ಯಾಪಕರು ಇಂಗ್ಲಿಷು ವ್ಯಾಕರಣವನ್ನು ಕನ್ನಡದ ಪಕ್ಕದಲ್ಲಿಟ್ಟು ಕಲಿಸಲಿ. ನಾವು ಬೇಗ ತಿಳಿದೇವು. ವಿದ್ಯಾರ್ಥಿಮಿತ್ರರೇ, ಮುಂದೊಂದು ದಿನ ಮೇಜಿನ ಆಚೆಗೆ ನಾವು ಕುಳಿತಾಗ, ಈಚೆಯವನ ತಪ್ಪುಗಳನ್ನು ಎಣಿಸೋಣ, ಬೇಡವೆನ್ನೆ. ಅವನ ಯೋಗ್ಯತೆಯನ್ನು ಮಾತ್ರ ಅವುಗಳಿಂದ ಅಳೆಯದಿರೋಣ.